ವಿಮಾನದ ಮೊರೆತದಿಂದ ಕಿವಿಗೆ ಕಾಪು: ಹೆಡ್‌ಫೋನ್ ಕೊಳ್ಳುವ ಮುನ್ನ ತಿಳಿಯಬೇಕಾದುದು

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ಬೇಸಗೆಯ ರಜೆ ತೊಡಗುತ್ತಲೇ ಕಾಸರಗೋಡಿನ ಅನೇಕ ಮನೆಗಳಲ್ಲಿ ಪೆಟ್ಟಿಗೆ ಕಟ್ಟುವ ಸಡಗರ ಕಾಣಿಸಿಕೊಳ್ಳುತ್ತದೆ. ದುಬೈ, ಅಬುಧಾಬಿ, ಮಸ್ಕತ್, ದೋಹಾ, ಕುವೈತ್ ಮೊದಲಾದೆಡೆ ದುಡಿಯುವ ತಂದೆಯನ್ನೋ ಅಣ್ಣನನ್ನೋ ಕಾಣುವುದಕ್ಕಾಗಿ ತಾಯಿ ಮಕ್ಕಳು ಮಂಗಳೂರಿನ ವಿಮಾನ ನಿಲ್ದಾಣದ, ಇಲ್ಲವೇ 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರಿನ ನಿಲ್ದಾಣದ ದಾರಿ ಹಿಡಿಯುತ್ತಾರೆ. ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್ ಇವುಗಳ ಪಟ್ಟಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ವಸ್ತು ಸೇರಿಕೊಂಡಿದೆ. ಅದು ಸದ್ದಡಗಿಸುವ ಹೆಡ್‌ಫೋನ್. ಅಂಗಡಿಯವರ ಮಾತಿನಲ್ಲಿ ‘ನಾಯ್ಸ್ ಕ್ಯಾನ್ಸಲಿಂಗ್’. ಮಗ ಊರಿಗೆ ಬರುವಾಗ ತರಲೆಂದು ಮನೆಯವರು ಹೇಳುವುದುಂಟು. ಹೊರಡುವ ಮುನ್ನ ಇಲ್ಲಿಯೇ ಕೊಳ್ಳೋಣವೆಂದು ಪೇಟೆಗೆ ಹೋಗುವವರೂ ಇದ್ದಾರೆ. ಎರಡು ಸಾವಿರ ರೂಪಾಯಿಯಿಂದ ಮೂವತ್ತು ಸಾವಿರ ರೂಪಾಯಿಯವರೆಗೆ ಬೆಲೆಯುಳ್ಳ ಡಬ್ಬಗಳು ಸಾಲಾಗಿ ಜೋಡಿಸಿಟ್ಟಿರುತ್ತವೆ. ಎಲ್ಲದರ ಮೇಲೂ ಬಹುಮಟ್ಟಿಗೆ ಒಂದೇ ಬಗೆಯ ಮಾತುಗಳಿರುತ್ತವೆ. ಯಾವುದನ್ನು ಆರಿಸಬೇಕು? ಆರಿಸಲೇಬೇಕಾದ ಅಗತ್ಯವಾದರೂ ಇದೆಯೇ?

ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಕಂಪೆನಿಯ ಹೆಸರಿಗಿಂತ ಮೊದಲು ವಿಮಾನದೊಳಗಿನ ಸದ್ದನ್ನು ಅರಿಯಬೇಕು. ಯಾವ ಸದ್ದನ್ನು ತಡೆಯಬೇಕಾಗಿದೆ ಎಂಬುದು ತಿಳಿದವರಿಗೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆಯೇ. ಇಲ್ಲಿ ಪಣಕ್ಕಿರುವುದು ಕೇವಲ ಹಣವಲ್ಲ. ಮಕ್ಕಳ ಕಿವಿಯ ಆರೋಗ್ಯವೂ ಇದರೊಂದಿಗೆ ಹೆಣೆದುಕೊಂಡಿದೆ.

ವಿಮಾನದೊಳಗಿನ ಸದ್ದು ಯಾವುದು?

ಆಕಾಶದಲ್ಲಿ ಸಮನಾಗಿ ಸಾಗುತ್ತಿರುವ ಜೆಟ್ ವಿಮಾನದೊಳಗೆ ಕೇಳಿಬರುವ ಮೊರೆತ ಎಂಜಿನ್ನೊಂದರಿಂದಲೇ ಹುಟ್ಟಿದುದಲ್ಲ. ಗಂಟೆಗೆ ಸುಮಾರು 800 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸಾಗುವ ವಿಮಾನದ ಒಡಲಿಗೆ ಗಾಳಿ ಉಜ್ಜಿಕೊಂಡು ಹೋಗುವಾಗ ಉಂಟಾಗುವ ಸದ್ದು ಅದರ ದೊಡ್ಡ ಪಾಲು. ಅದಕ್ಕೆ ಎಂಜಿನ್ನಿನ ಗುಡುಗು ಮತ್ತು ಒಳಗೆ ಗಾಳಿಯಾಡಿಸುವ ಕೊಳವೆಗಳ ಶಬ್ದ ಸೇರಿಕೊಳ್ಳುತ್ತವೆ. ಮಳೆಗಾಲದ ರಾತ್ರಿ ಕಡಲಕರೆಯ ಮನೆಯಲ್ಲಿ ಕೇಳಿಬರುವ ಎಡೆಬಿಡದ ಮೊರೆತವನ್ನು ಇದಕ್ಕೆ ಹೋಲಿಸಬಹುದು. ಏರಿಳಿತವಿಲ್ಲದ, ತಗ್ಗು ದನಿಯ, ಗಂಟೆಗಟ್ಟಲೆ ಮುಂದುವರಿಯುವ ಶಬ್ದವಿದು. ಪ್ರಮಾಣದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ 80ರಿಂದ 85 ಡೆಸಿಬೆಲ್‌ಗಳ ಆಸುಪಾಸು. ರೆಕ್ಕೆಯ ಕೆಳಗೆ ಎಂಜಿನ್ ಇರುವ ವಿಮಾನಗಳಲ್ಲಿ ಹಿಂಬದಿಯ ಆಸನಗಳಿಗಿಂತ ಮುಂಬದಿಯ ಆಸನಗಳಲ್ಲಿ ಸದ್ದು ಕಡಿಮೆ.

ಸಮೀಪದ ನಗರಗಳ ನಡುವೆ ಹಾರಾಡುವ ಎಟಿಆರ್ ವಿಮಾನಗಳ ಸದ್ದು ಬೇರೆ ತೆರನಾದುದು. ಎಟಿಆರ್ 72-600 ವಿಮಾನದ ಪ್ರತಿ ಪ್ರೊಪೆಲರಿಗೆ ಆರು ಅಲಗುಗಳು. ಅದು ತನ್ನ ಪೂರ್ಣ ವೇಗದಲ್ಲಿ ನಿಮಿಷಕ್ಕೆ 1,200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಆರು ಅಲಗುಗಳೂ ಸುತ್ತೊಂದಕ್ಕೆ ಒಮ್ಮೆ ಗಾಳಿಯನ್ನು ಕಡಿಯುವುದರಿಂದ ಸೆಕೆಂಡಿಗೆ 120 ಬಡಿತಗಳಾಗುತ್ತವೆ. ಹೀಗೆ 120 ಹರ್ಟ್ಸ್ ಆವೃತ್ತಿಯ ಗುಂಯ್‌ಗುಡುವ ಸ್ವರ ಹುಟ್ಟಿಕೊಳ್ಳುತ್ತದೆ. ಈ ವಿಮಾನಗಳಲ್ಲಿ ಪ್ರೊಪೆಲರಿನ ನೇರಕ್ಕೆ ಇರುವ ಸಾಲುಗಳಲ್ಲಿ ಸದ್ದು ಹೆಚ್ಚು, ಹಿಂಬದಿಯಲ್ಲಿ ಕಡಿಮೆ. ಜೆಟ್ ವಿಮಾನದ ನಿಯಮ ಇಲ್ಲಿ ತಲೆಕೆಳಗಾಗುತ್ತದೆ. ಆಸನ ಆರಿಸಿಕೊಳ್ಳುವ ಅವಕಾಶವಿದ್ದಾಗ ಇಷ್ಟು ತಿಳಿದಿದ್ದರೆ ಕಾಸು ಖರ್ಚಿಲ್ಲದೆ ಕಿವಿಗೆ ಒಂದಿಷ್ಟು ನೆಮ್ಮದಿ ಸಿಗುತ್ತದೆ.

ತಗ್ಗು ಆವೃತ್ತಿಯ ಶಬ್ದಕ್ಕೆ ಒಂದು ಹಠಮಾರಿ ಗುಣವಿದೆ. ದೂರದ ಉತ್ಸವದಲ್ಲಿ ಧ್ವನಿವರ್ಧಕ ಹಾಡುತ್ತಿರುವಾಗ ಕಿಟಕಿ ಬಾಗಿಲು ಮುಚ್ಚಿದರೆ ಹಾಡಿನ ಮಾತುಗಳು ಕೇಳಿಸವು. ಆದರೆ ‘ಧಿಂ ಧಿಂ’ ಎಂಬ ಬಡಿತ ಮಾತ್ರ ಗೋಡೆಯನ್ನು ದಾಟಿ ಒಳಬರುತ್ತದೆ. ಎತ್ತರದ ಸ್ವರಗಳನ್ನು ಗೋಡೆ, ಬಟ್ಟೆ, ಸ್ಪಂಜುಗಳು ಸುಲಭವಾಗಿ ತಡೆಯುತ್ತವೆ, ತಗ್ಗಿನ ಸ್ವರಗಳನ್ನು ತಡೆಯಲು ಅವಕ್ಕೆ ಬಲ ಸಾಲದು. ವಿಮಾನದ ಮೊರೆತದಲ್ಲಿ ಈ ತಗ್ಗಿನ ಸ್ವರಗಳದೇ ಮೇಲುಗೈ. ಸದ್ದಡಗಿಸುವ ಹೆಡ್‌ಫೋನ್ ಹುಟ್ಟಿಕೊಂಡದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ.

ಸದ್ದಿನಿಂದಲೇ ಸದ್ದನ್ನಡಗಿಸುವ ಬಗೆ

ಶಬ್ದವೆಂಬುದು ಗಾಳಿಯಲ್ಲಿ ಸಾಗುವ ಸಂಪೀಡನ ಮತ್ತು ವಿರಳನಗಳ ಸರಣಿ ಎಂಬುದನ್ನು ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಮಕ್ಕಳು ಓದಿರುತ್ತಾರೆ. ಒಂದು ತರಂಗದ ಸಂಪೀಡನ ಬರುವ ಕ್ಷಣಕ್ಕೆ ಸರಿಯಾಗಿ ಅಷ್ಟೇ ಬಲದ ಇನ್ನೊಂದು ತರಂಗದ ವಿರಳನವನ್ನು ತಂದು ಕೂಡಿಸಿದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಕೂಡಿಸುವ ಐದಕ್ಕೆ ಕಳೆಯುವ ಐದನ್ನು ಸೇರಿಸಿದರೆ ಸೊನ್ನೆಯಾಗುವಂತೆ. ಜರ್ಮನಿಯ ಪೌಲ್ ಲ್ಯೂಗ್ ಎಂಬಾತ ಈ ತತ್ತ್ವದಿಂದ ಸದ್ದನ್ನು ಅಡಗಿಸುವ ವಿಧಾನಕ್ಕೆ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದ. ಆದರೆ ಕ್ಷಣಾರ್ಧದಲ್ಲಿ ಎದುರು ತರಂಗವನ್ನು ರಚಿಸಬಲ್ಲ ಉಪಕರಣಗಳು ಆ ಕಾಲದಲ್ಲಿ ಇರಲಿಲ್ಲ.

ತತ್ತ್ವವನ್ನು ಪ್ರಯಾಣಿಕರ ಕಿವಿಗೆ ತಂದವರಲ್ಲಿ ಮುಖ್ಯರಾದವರು ಅಮರ್ ಬೋಸ್. ಇವರ ತಂದೆ ಬ್ರಿಟಿಷರ ವಿರುದ್ಧ ಹೋರಾಡಿ ಬಂಗಾಳವನ್ನು ತೊರೆದು ಅಮೆರಿಕ ಸೇರಿದ ದೇಶಭಕ್ತರು. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅಮರ್ ಬೋಸ್ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. 1964ರಲ್ಲಿ ತಮ್ಮದೇ ಕಂಪೆನಿಯನ್ನು ಸ್ಥಾಪಿಸಿದರು. 1978ರಲ್ಲಿ ಜೂರಿಕ್‌ನಿಂದ ಮರಳುವ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಧರಿಸಿ ಸಂಗೀತ ಕೇಳಲು ಕುಳಿತಾಗ ವಿಮಾನದ ಮೊರೆತದಲ್ಲಿ ಅದು ಮುಳುಗಿಹೋಯಿತು. ಮೊರೆತವನ್ನು ಸಂಗೀತದಿಂದ ಬೇರ್ಪಡಿಸಲು ಸಾಧ್ಯವೇ ಎಂಬ ಲೆಕ್ಕಾಚಾರವನ್ನು ಅವರು ಆ ಪ್ರಯಾಣದಲ್ಲಿಯೇ ಮಾಡಿದರು. ಲೆಕ್ಕ ಕಾಗದದಿಂದ ಕಿವಿಗೆ ಇಳಿಯಲು ಹಲವು ವರ್ಷಗಳೇ ಬೇಕಾದುವು. 1986ರ ಡಿಸೆಂಬರಿನಲ್ಲಿ ‘ವಾಯೇಜರ್’ ವಿಮಾನ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದಾಗ ಅದರ ಇಬ್ಬರು ಚಾಲಕರ ಬಳಿ ಇಂಥ ಹೆಡ್‌ಸೆಟ್‌ನ ಮಾದರಿಗಳಿದ್ದುವು. 1989ರಲ್ಲಿ ವಿಮಾನ ಚಾಲಕರಿಗಾಗಿ, 2000ದಲ್ಲಿ ಸಾಮಾನ್ಯ ಪ್ರಯಾಣಿಕರಿಗಾಗಿ ಬೋಸ್ ಕಂಪೆನಿಯ ಹೆಡ್‌ಫೋನ್‌ಗಳು ಮಾರುಕಟ್ಟೆಗೆ ಬಂದುವು. ಜರ್ಮನಿಯ ಸೆನ್‌ಹೈಸರ್ ಕೂಡ 1980ರ ದಶಕದಲ್ಲಿಯೇ ಈ ಕ್ಷೇತ್ರದಲ್ಲಿ ದುಡಿದಿತ್ತು. ಇಂದು ಹತ್ತಾರು ಕಂಪೆನಿಗಳು ಇವನ್ನು ತಯಾರಿಸುತ್ತಿವೆ.

ಹೆಡ್‌ಫೋನಿನ ಹೊರಮೈಯಲ್ಲಿ ಕಿರಿದಾದ ಮೈಕುಗಳಿರುತ್ತವೆ. ಅವು ಹೊರಗಿನ ಸದ್ದನ್ನು ಆಲಿಸುತ್ತವೆ. ಒಳಗಿನ ಪುಟ್ಟ ಗಣಕ ಅದರ ಎದುರು ತರಂಗವನ್ನು ಲೆಕ್ಕ ಹಾಕುತ್ತದೆ, ಸ್ಪೀಕರು ಅದನ್ನು ನುಡಿಸುತ್ತದೆ. ಉತ್ತಮ ದರ್ಜೆಯವುಗಳಲ್ಲಿ ಕಿವಿಯ ಬಳಿಯೂ ಒಂದು ಮೈಕು ಇದ್ದು, ಉಳಿದ ಸದ್ದೆಷ್ಟು ಎಂಬುದನ್ನು ನೋಡಿ ತಿದ್ದುತ್ತಿರುತ್ತದೆ. ತಗ್ಗು ಸ್ವರಗಳಲ್ಲಿ 20 ಡೆಸಿಬೆಲ್‌ಗೂ ಮಿಗಿಲಾದ ಇಳಿಕೆ ಇಂಥ ಹೆಡ್‌ಫೋನ್‌ಗಳಿಂದ ಸಾಧ್ಯವಾಗುತ್ತದೆ.

ಆದರೆ ಇದೇ ಉಪಾಯ ಎತ್ತರದ ಸ್ವರಗಳ ಮುಂದೆ ಸೋಲುತ್ತದೆ. ಅದರ ಕಾರಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 100 ಹರ್ಟ್ಸ್ ಸ್ವರದ ತರಂಗದೂರ 3.4 ಮೀಟರ್, 4,000 ಹರ್ಟ್ಸ್ ಸ್ವರದ್ದು ಕೇವಲ 8.5 ಸೆಂಟಿಮೀಟರ್. ಎದುರು ತರಂಗವನ್ನು ಕೂಡಿಸುವಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ಹೆಚ್ಚುಕಡಮೆಯಾದರೆ ಮೊದಲನೆಯದರಲ್ಲಿ ಅದು ಲೆಕ್ಕಕ್ಕಿಲ್ಲ. ಎರಡನೆಯದರಲ್ಲಾದರೋ ಅರ್ಧ ತರಂಗವೇ ಪಲ್ಲಟವಾಗಿ ಸದ್ದು ಕಳೆಯುವ ಬದಲು ಕೂಡುತ್ತದೆ. ಆದುದರಿಂದ ಸಾವಿರ ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ತಡೆಯುವ ಹೊಣೆ ಬಹುಮಟ್ಟಿಗೆ ಕಿವಿಯನ್ನು ಮುಚ್ಚುವ ಮೆತ್ತೆಯ ಮೇಲೆ ಬೀಳುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮುಂದಿನ ಸಾಲಿನ ಕೂಸಿನ ಅಳು, ಪಕ್ಕದವರ ಮಾತು, ಪಾತ್ರೆಯ ಸಪ್ಪಳ ಇವನ್ನು ಎಷ್ಟೇ ಬೆಲೆಯ ಹೆಡ್‌ಫೋನ್ ಆದರೂ ಪೂರ್ತಿಯಾಗಿ ಅಳಿಸಿಹಾಕದು, ಸ್ವಲ್ಪ ದೂರಕ್ಕೆ ಸರಿಸುತ್ತದೆ ಅಷ್ಟೆ. ಎರಡನೆಯದಾಗಿ, ಮೆತ್ತೆ ಕಿವಿಗೆ ಸರಿಯಾಗಿ ಕೂರದಿದ್ದರೆ ಒಳಗಿನ ಗಣಕದ ಜಾಣತನವೆಲ್ಲ ವ್ಯರ್ಥ.

ಕಿವಿಗೆ ಬೀಳುವ ಹೊರೆ

ಸದ್ದಡಗಿಸುವ ಹೆಡ್‌ಫೋನನ್ನು ಕೇವಲ ಸುಖದ ಸಾಧನವೆಂದು ತಿಳಿಯುವವರುಂಟು. ಕಿವಿಯ ವೈದ್ಯರ ದೃಷ್ಟಿಯಲ್ಲಿ ಅದರ ನಿಜವಾದ ಉಪಯೋಗ ಬೇರೆಯೇ ಇದೆ. ಅದು ಧ್ವನಿಯ ಮಟ್ಟವನ್ನು ತಗ್ಗಿಸಿಟ್ಟುಕೊಳ್ಳಲು ಅನುವು ಮಾಡಿಕೊಡುತ್ತದೆ.

ವಿಮಾನದೊಳಗೆ 82 ಡೆಸಿಬೆಲ್ ಮೊರೆತವಿದೆಯೆಂದು ಭಾವಿಸೋಣ. ಸಾಮಾನ್ಯ ಇಯರ್‌ಫೋನಿನಲ್ಲಿ ಹಾಡೋ ಸಿನಿಮಾದ ಮಾತೋ ಸ್ಪಷ್ಟವಾಗಿ ಕೇಳಿಸಬೇಕಾದರೆ ಅದು ಮೊರೆತವನ್ನು ಮೀರಬೇಕು. ಹತ್ತು ಡೆಸಿಬೆಲ್ ಮೀರಿಸಿದರೆ ಕಿವಿಗೆ ಬೀಳುವುದು 92 ಡೆಸಿಬೆಲ್. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯಾಶ್‌ನ ಸಲಹೆಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯವರೆಗೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಸದ್ದಿನ ಶಕ್ತಿ ಇಮ್ಮಡಿಯಾಗುವುದರಿಂದ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ, 94ಕ್ಕೆ ಒಂದೇ ಗಂಟೆ. ಮಂಗಳೂರಿನಿಂದ ದುಬೈಗೆ ಮೂರೂವರೆ ನಾಲ್ಕು ಗಂಟೆಗಳ ಹಾರಾಟ. ದಾರಿಯುದ್ದಕ್ಕೂ 92 ಡೆಸಿಬೆಲ್‌ನಲ್ಲಿ ಸಿನಿಮಾ ನೋಡಿದವನು ಆ ದಿನದ ಮಿತಿಯನ್ನು ಅರ್ಧ ದಾರಿಯಲ್ಲಿಯೇ ದಾಟಿರುತ್ತಾನೆ.

ಮೇಲಿನ ಲೆಕ್ಕ ಕೆಲಸಗಾರರಾದ ವಯಸ್ಕರಿಗೆ ಸಂಬಂಧಿಸಿದುದು. ಸಂಗೀತ ಮುಂತಾದುವನ್ನು ಆಲಿಸುವ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ವಾರಕ್ಕೆ 40 ಗಂಟೆ 75 ಡೆಸಿಬೆಲ್ ಎಂದು ಅದು ಸೂಚಿಸುತ್ತದೆ.

ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅತಿಯಾದ ಸದ್ದಿನಿಂದ ಉಂಟಾಗುವ ಕಿವುಡು ಸಾಮಾನ್ಯವಾಗಿ 4,000 ಹರ್ಟ್ಸ್‌ನ ಸುತ್ತಮುತ್ತ ಮೊದಲು ಕಾಣಿಸಿಕೊಳ್ಳುತ್ತದೆ. ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಆವೃತ್ತಿಗಳಲ್ಲಿದ್ದರೆ, ಅನೇಕ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸಿ ತೋರಿಸುವ ಗುರುತುಗಳಿರುವುದು ಎತ್ತರದ ಆವೃತ್ತಿಗಳಲ್ಲಿ. ಆದುದರಿಂದ ಇಂಥ ತೊಂದರೆಗೆ ಒಳಗಾದವರಿಗೆ ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ‘ಆಲು’ ಎಂಬ ದನಿ ಕಿವಿಗೆ ಬೀಳುತ್ತದೆ, ಹೇಳಿದ್ದು ಕಾಲೋ ಸಾಲೋ ಪಾಲೋ ಎಂಬುದು ಹೊಳೆಯುವುದಿಲ್ಲ. ಮನೆಯ ಹೊರಗೆ ಬೇರೆ ಭಾಷೆಗಳ ನಡುವೆ ಬೆಳೆಯುತ್ತ, ಮನೆಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡವನ್ನು ಮುಖ್ಯವಾಗಿ ಕಿವಿಯಿಂದಲೇ ಕಲಿಯುವ ಮಗುವಿಗೆ ಉಕ್ತಲೇಖನದ ‘ಸ’ಕಾರ ‘ಶ’ಕಾರಗಳ ಭೇದ ತಿಳಿಯದೆ ಹೋಗುವುದು ಸಣ್ಣ ನಷ್ಟವಲ್ಲ. ಒಂದೆರಡು ವಿಮಾನ ಪ್ರಯಾಣಗಳಿಂದ ಇದು ಸಂಭವಿಸಲಾರದು. ಆದರೆ ವಿಮಾನದಲ್ಲಿ ಏರಿಸಿಟ್ಟ ಧ್ವನಿಗೆ ಒಗ್ಗಿದ ಮಗು ಬಸ್ಸಿನಲ್ಲಿ, ರೈಲಿನಲ್ಲಿ, ಮನೆಯಲ್ಲಿ ಅದೇ ಮಟ್ಟವನ್ನು ಮುಂದುವರಿಸಿದಾಗ ಅಪಾಯ ದಿನದಿನಕ್ಕೆ ಕೂಡುತ್ತ ಹೋಗುತ್ತದೆ.

ಡಬ್ಬದ ಮೇಲಿನ ಅಕ್ಷರಗಳು

ಕೊಳ್ಳುವವರನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಎರಡು ಸಂಕ್ಷಿಪ್ತ ಪದಗಳು: ಎಎನ್‌ಸಿ ಮತ್ತು ಇಎನ್‌ಸಿ. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಕೆಲಸ ಬೇರೆ ಬೇರೆ. ಎಎನ್‌ಸಿ ಎಂದರೆ ಮೇಲೆ ವಿವರಿಸಿದ ವಿಧಾನ. ಅದು ಧರಿಸಿದವರ ಕಿವಿಗೆ ಬೀಳುವ ಮೊರೆತವನ್ನು ತಗ್ಗಿಸುತ್ತದೆ. ಇಎನ್‌ಸಿ ಎಂಬುದು ಫೋನಿನಲ್ಲಿ ಮಾತನಾಡುವಾಗ ಮೈಕಿಗೆ ಬೀಳುವ ಸುತ್ತಲಿನ ಗದ್ದಲವನ್ನು ತೆಗೆದುಹಾಕುವ ವ್ಯವಸ್ಥೆ. ಅದರ ಲಾಭ ಆ ಕಡೆಯಲ್ಲಿ ಆಲಿಸುತ್ತಿರುವವರಿಗೆ. ಧರಿಸಿದವರಿಗೆ ವಿಮಾನದ ಮೊರೆತ ಇದ್ದ ಹಾಗೆಯೇ ಇರುತ್ತದೆ. ಅಗ್ಗದ ಇಯರ್‌ಬಡ್‌ಗಳ ಡಬ್ಬದ ಮೇಲೆ ಇಎನ್‌ಸಿ ಎಂಬುದನ್ನೇ ದಪ್ಪ ಅಕ್ಷರಗಳಲ್ಲಿ ಅಚ್ಚಿಸಿರುವುದುಂಟು. ‘ನಾಯ್ಸ್ ಐಸೊಲೇಶನ್’ ಎಂಬುದು ಮೂರನೆಯ ಮಾತು. ಕಿವಿಯನ್ನು ಮೆತ್ತೆಯಿಂದಲೋ ರಬ್ಬರಿನಿಂದಲೋ ಮುಚ್ಚಿ ಸದ್ದು ತಡೆಯುವುದು ಎಂದಷ್ಟೇ ಅದರ ಅರ್ಥ. ಅದು ಸುಳ್ಳಲ್ಲ, ಉಪಯೋಗಕ್ಕೆ ಬಾರದ್ದೂ ಅಲ್ಲ. ಆದರೆ ತಗ್ಗಿನ ಮೊರೆತಕ್ಕೆ ಅದೊಂದೇ ಸಾಲದು.

‘ಇಷ್ಟು ಡೆಸಿಬೆಲ್ ಇಳಿಸುತ್ತದೆ’ ಎಂದು ಅಚ್ಚಾಗಿರುವ ಸಂಖ್ಯೆಯನ್ನು ಸಹ ಎಚ್ಚರದಿಂದ ಓದಬೇಕು. ಒಂದೇ ಆವೃತ್ತಿಯಲ್ಲಿ ದೊರೆತ ಅತ್ಯಧಿಕ ಇಳಿಕೆಯನ್ನು ಇಡೀ ಉಪಕರಣದ ಗುಣವೆಂಬಂತೆ ಬರೆಯಬಹುದಾದುದರಿಂದ ಎರಡು ಡಬ್ಬಗಳ ಸಂಖ್ಯೆಗಳನ್ನು ಹೋಲಿಸಿ ತೀರ್ಮಾನಿಸುವುದು ಸರಿಯಾಗದು. ಅದಕ್ಕಿಂತ ಕಿವಿಯ ಪರೀಕ್ಷೆಯೇ ಮೇಲು.

ಬಗೆಗಳು ಮತ್ತು ಪರೀಕ್ಷೆ

ಕಿವಿಯನ್ನು ಸುತ್ತುವರಿದು ಪೂರ್ತಿ ಮುಚ್ಚುವ ಹೆಡ್‌ಫೋನ್, ಕಿವಿಯ ಮೇಲೆ ಒತ್ತಿ ಕೂರುವ ಹೆಡ್‌ಫೋನ್, ಕಿವಿಯೊಳಗೆ ತೂರಿಸುವ ಇಯರ್‌ಬಡ್ ಎಂದು ಮೂರು ಬಗೆ. ದೂರದ ಹಾರಾಟಕ್ಕೆ ಮೊದಲನೆಯದು ಒಳ್ಳೆಯದು. ತೂಕ ಸುಮಾರು 250 ಗ್ರಾಂ ಇದ್ದರೆ ಗಂಟೆಗಟ್ಟಲೆ ಧರಿಸಲು ಅಡ್ಡಿಯಿಲ್ಲ, ಅದಕ್ಕಿಂತ ಬಹಳ ಹೆಚ್ಚಾದರೆ ನೆತ್ತಿ ನೋಯುತ್ತದೆ. ಮಡಚಿ ಇಡಬಲ್ಲದಾದರೆ ಕೈಚೀಲದಲ್ಲಿ ಜಾಗ ಉಳಿಯುತ್ತದೆ. ಕಿವಿಯ ಮೇಲೆ ಕೂರುವ ಎರಡನೆಯ ಬಗೆಯಲ್ಲಿ ಸಂದುಗಳಿಂದ ಸದ್ದು ನುಗ್ಗುವುದರಿಂದ ವಿಮಾನಕ್ಕೆ ಅದು ಅಷ್ಟಾಗಿ ಹೊಂದುವುದಿಲ್ಲ. ಒಳ್ಳೆಯ ದರ್ಜೆಯ ಇಯರ್‌ಬಡ್ ಹಗುರ, ನಿದ್ದೆ ಮಾಡುವಾಗ ತಲೆ ಒರಗಿಸಲು ಅನುಕೂಲ. ಆದರೆ ಅದರೊಂದಿಗೆ ಬರುವ ಬೇರೆ ಬೇರೆ ಅಳತೆಯ ರಬ್ಬರು ತುದಿಗಳಲ್ಲಿ ತಮ್ಮ ಕಿವಿಗೆ ಹೊಂದುವುದನ್ನು ಹುಡುಕಿಕೊಳ್ಳಲೇಬೇಕು.

ಅಂಗಡಿಯಲ್ಲಿ ಪರೀಕ್ಷಿಸಲು ವಿಮಾನ ಬೇಕಾಗಿಲ್ಲ. ಫ್ಯಾನ್ ಅಥವಾ ಎಸಿ ಓಡುತ್ತಿರುವಲ್ಲಿ ನಿಂತು, ಹಾಡು ಹಾಕದೆ ಹೆಡ್‌ಫೋನ್ ಧರಿಸಿ, ಸದ್ದಡಗಿಸುವ ಗುಂಡಿಯನ್ನು ಒಮ್ಮೆ ಹಾಕಿ ಒಮ್ಮೆ ಆರಿಸಿ ನೋಡಬೇಕು. ಹಾಕಿದೊಡನೆ ಗುಂಯ್‌ಗುಟ್ಟುವಿಕೆ ಎದ್ದು ಹೋದಂತಾಗಿ, ಆರಿಸಿದೊಡನೆ ಮರಳಿ ಬರಬೇಕು. ವ್ಯತ್ಯಾಸ ಗೊತ್ತಾಗದಿದ್ದರೆ ಡಬ್ಬದ ಮೇಲಿನ ಮಾತಿಗೆ ಬೆಲೆಯಿಲ್ಲ. ಆಮೇಲೆ ತಲೆ ಅಲ್ಲಾಡಿಸಿ, ದವಡೆ ಆಡಿಸಿ, ಮೆತ್ತೆ ಸಂದು ಬಿಡುವುದೋ ನೋಡಬೇಕು. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಪರೀಕ್ಷಿಸಬೇಕು, ಅದರ ಕಡ್ಡಿ ಮೆತ್ತೆಯನ್ನು ಎತ್ತಿಹಿಡಿದು ಸದ್ದಿಗೆ ದಾರಿ ಮಾಡಿಕೊಡುತ್ತದೆ. ಗುಂಡಿ ಹಾಕಿದೊಡನೆ ಕಿವಿಯನ್ನು ಒತ್ತಿದಂಥ ಅನುಭವ ಕೆಲವರಿಗೆ ಆಗುವುದುಂಟು. ಅದು ನಿಜವಾದ ಗಾಳಿಯ ಒತ್ತಡವಲ್ಲ. ಆದರೂ ಹತ್ತು ನಿಮಿಷದಲ್ಲಿ ಅದು ಹಿಂಸೆಯಾದರೆ ನಾಲ್ಕು ಗಂಟೆ ಧರಿಸಲು ಸಾಧ್ಯವಾಗದು. ಅಂಥವರು ಸದ್ದಡಗಿಸುವ ಮಟ್ಟವನ್ನು ಹೆಚ್ಚುಕಡಮೆ ಮಾಡಲು ಬರುವಂಥದನ್ನು ಆರಿಸಿಕೊಳ್ಳಬೇಕು.

ಬ್ಯಾಟರಿ ಒಮ್ಮೆ ತುಂಬಿಸಿದರೆ ಇಪ್ಪತ್ತು ಗಂಟೆ ಬಾಳುವುದು ಇಂದಿನ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯ. ಬ್ಯಾಟರಿ ಮುಗಿದ ಮೇಲೆ ತಂತಿ ಸಿಕ್ಕಿಸಿ ಕೇಳಲು ಬರುವುದೇ ಎಂಬುದನ್ನು ಮಾತ್ರ ವಿಚಾರಿಸಬೇಕು. ಕೆಲವು ಕೇಳಿಸುತ್ತವೆ, ಕೆಲವು ಮೂಕವಾಗುತ್ತವೆ. ಕೊಲ್ಲಿಗೆ ಹೋಗುವ ಅಗ್ಗದ ದರದ ವಿಮಾನಗಳಲ್ಲಿ ಸಾಮಾನ್ಯವಾಗಿ ಆಸನದ ಮುಂದೆ ಪರದೆ ಇರುವುದಿಲ್ಲ. ಹೊರಡುವ ಮುನ್ನ ತಮ್ಮ ಫೋನಿಗೆ ಇಳಿಸಿಕೊಂಡದ್ದನ್ನೇ ನೋಡಬೇಕು. ಪರದೆ ಇರುವ ದೊಡ್ಡ ವಿಮಾನಗಳಲ್ಲಿಯೂ ಬ್ಲೂಟೂತ್ ಸಂಪರ್ಕ ಎಲ್ಲ ಕಡೆ ಸಿಗದು. ಆದುದರಿಂದ 3.5 ಮಿಲಿಮೀಟರ್ ತಂತಿಯೊಂದು ಜತೆಗಿರಲಿ. ಕೆಲವು ವಿಮಾನಗಳ ಸಾಕೆಟ್ಟಿಗೆ ಎರಡು ಕಡ್ಡಿಯ ಅಡಾಪ್ಟರ್ ಬೇಕಾಗುತ್ತದೆ.

ಕೊಲ್ಲಿಯಿಂದ ತರಿಸುವವರು ಇನ್ನೂ ಒಂದು ಮಾತನ್ನು ಮರೆಯಬಾರದು. ಅಲ್ಲಿ ಕೊಂಡ ವಸ್ತುವಿಗೆ ಭಾರತದಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಬಿಲ್ಲು ಮಾಡಿಸುವ ಮುನ್ನವೇ ಕೇಳಿಕೊಳ್ಳಬೇಕು. ಹೆಸರಾಂತ ಕಂಪೆನಿಯ ಗುರುತನ್ನೇ ಅಚ್ಚೊತ್ತಿ ಕಾಲು ಬೆಲೆಗೆ ಮಾರುವ ನಕಲಿ ಸರಕು ಎಲ್ಲ ಊರಿನ ಸಂತೆಗಳಲ್ಲೂ ಇದೆ. ನೋಡಲು ಅಸಲಿಯಂತಿದ್ದರೂ ಫ್ಯಾನಿನ ಎದುರಿನ ಪರೀಕ್ಷೆಯಲ್ಲಿ ಅದರ ಬಣ್ಣ ಬಯಲಾಗುತ್ತದೆ.

ಮಕ್ಕಳು, ಹಿರಿಯರು

ಮಕ್ಕಳಿಗೆ ದೊಡ್ಡವರ ಹೆಡ್‌ಫೋನ್ ಹೊಂದುವುದಿಲ್ಲ, ಜಾರಿದಾಗ ಸದ್ದು ನುಗ್ಗುತ್ತದೆ, ಮಗು ಧ್ವನಿ ಏರಿಸುತ್ತದೆ. ಮಕ್ಕಳಿಗೆಂದೇ ಮಾಡಿದ, ಧ್ವನಿ 85 ಡೆಸಿಬೆಲ್ ದಾಟದಂತೆ ಮಿತಿ ಹಾಕಿದ ಹೆಡ್‌ಫೋನ್‌ಗಳು ದೊರೆಯುತ್ತವೆ. ಆದರೆ 85 ಎಂಬುದು ಮಕ್ಕಳಿಗೆ ಸೂಚಿಸಿದ ಮಟ್ಟಕ್ಕಿಂತ ಹತ್ತು ಡೆಸಿಬೆಲ್ ಮೇಲೆಯೇ ಇರುವುದರಿಂದ ಮಿತಿ ಇದೆಯೆಂದು ದಿನವಿಡೀ ಹಾಕಿಡುವಂತಿಲ್ಲ. ತೀರ ಎಳೆಯ ಮಕ್ಕಳಿಗೆ ಹಾಡು, ತಂತಿ, ಬ್ಯಾಟರಿ ಯಾವುದೂ ಬೇಡ. ಕಿವಿ ಮುಚ್ಚುವ ಮೆತ್ತನೆಯ ಇಯರ್‌ಮಫ್ ಸಾಕು.

ಕಿವಿ ನೋವಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ವಿಮಾನ ಇಳಿಯುವಾಗ ಕಿವಿ ಕಟ್ಟಿ ನೋಯುವುದು ಗಾಳಿಯ ಒತ್ತಡದ ಬದಲಾವಣೆಯಿಂದ. ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಯಾವ ಹೆಡ್‌ಫೋನೂ ಅದನ್ನು ತಡೆಯದು. ಉಗುಳು ನುಂಗುವುದು, ಆಕಳಿಸುವುದು, ಮಿಠಾಯಿ ಚೀಪುವುದು, ಕೂಸಿಗೆ ಹಾಲೂಡಿಸುವುದು ಇವೇ ಅದಕ್ಕೆ ಮದ್ದು. ಇಳಿಯುವ ವೇಳೆಗೆ ಕಿವಿಯೊಳಗೆ ಬಿಗಿಯಾಗಿ ತೂರಿಸಿದ್ದನ್ನು ತೆಗೆದಿಡುವುದು ಲೇಸು.

ಶ್ರವಣಯಂತ್ರ ಬಳಸುವ ಅಜ್ಜ ಅಜ್ಜಿಯರಿಗೆ ವಿಮಾನದ ಮೊರೆತ ಇನ್ನಷ್ಟು ದೊಡ್ಡದಾಗಿ ಕೇಳಿಸಿ ಆಯಾಸವಾಗಬಹುದು. ಯಂತ್ರದ ಮೇಲೆ ಹೆಡ್‌ಫೋನ್ ಇಟ್ಟಾಗ ಸಿಳ್ಳೆ ಹೊಡೆದಂಥ ಸದ್ದು ಬರುವುದೂ ಉಂಟು. ಪ್ರಯಾಣದಲ್ಲಿ ಯಂತ್ರವನ್ನು ಯಾವ ಮಟ್ಟದಲ್ಲಿಡಬೇಕೆಂದು ಹೊರಡುವ ಮುನ್ನ ಶ್ರವಣತಜ್ಞರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಇಡೀ ಕುಟುಂಬ ಒಟ್ಟಿಗೆ ಕಿವಿ ಮುಚ್ಚಿಕೊಂಡು ಕೂರಬಾರದೆಂಬುದು ಇನ್ನೊಂದು ಎಚ್ಚರ. ವಿಮಾನದೊಳಗಿನ ಪ್ರಕಟಣೆಗಳು ಬಹುಮಟ್ಟಿಗೆ ಇಂಗ್ಲಿಷ್, ಹಿಂದಿ, ಅರಬಿ ಭಾಷೆಗಳಲ್ಲಿರುತ್ತವೆ. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಹಿರಿಯರಿಗೆ ಅವನ್ನು ತಿಳಿಸಿಹೇಳಲು ಒಬ್ಬರಾದರೂ ಕಿವಿ ತೆರೆದಿರಬೇಕು. ಸುರಕ್ಷತಾ ಸೂಚನೆ ಕೊಡುವಾಗ, ಏರುವಾಗ, ಇಳಿಯುವಾಗ ಎಲ್ಲರೂ ಹೆಡ್‌ಫೋನ್ ತೆಗೆದಿಟ್ಟು ಸಿಬ್ಬಂದಿಯ ಮಾತಿಗೆ ಗಮನ ಕೊಡುವುದೇ ಕ್ರಮ. ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯಬೇಕು, ಸರಕಿಗೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಯಾರಿಗೆ ಎಷ್ಟು ಖರ್ಚು ಯೋಗ್ಯ?

ಎರಡು ಮೂರು ವರ್ಷಕ್ಕೊಮ್ಮೆ ನಾಲ್ಕು ಗಂಟೆಯ ಹಾರಾಟ ಮಾಡುವ ಕುಟುಂಬ ಅದಕ್ಕಾಗಿಯೇ ಮೂವತ್ತು ಸಾವಿರ ರೂಪಾಯಿ ವ್ಯಯಿಸಬೇಕಾಗಿಲ್ಲ. ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ಸಿಗುವ ಮೆತ್ತನೆಯ ಇಯರ್‌ಪ್ಲಗ್‌ಗಳನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗಾಗಿಸಿ, ಕಿವಿಯನ್ನು ಮೇಲಕ್ಕೆಳೆದು ಸರಿಯಾಗಿ ತೂರಿಸಿದರೆ 20 ಡೆಸಿಬೆಲ್‌ನಷ್ಟು ಇಳಿಕೆ ದೊರೆಯುತ್ತದೆ. ಅವನ್ನು ಹಾಕಿಕೊಂಡು ಪುಸ್ತಕ ಓದುವವರಿಗೂ ನಿದ್ದೆ ಮಾಡುವವರಿಗೂ ಬೇರೇನೂ ಬೇಡ.

ಆದರೆ ವರ್ಷಕ್ಕೆ ಹಲವು ಬಾರಿ ಹೋಗಿಬರುವವರ ಮಾತು ಬೇರೆ. ಕೊಲ್ಲಿಯಲ್ಲಿ ಹಲವರೊಡನೆ ಒಂದೇ ಕೊಠಡಿಯಲ್ಲಿ ವಾಸಿಸುತ್ತ, ರಾತ್ರಿ ಪಾಳಿ ಮುಗಿಸಿ ಹಗಲು ಎಸಿಯ ಗುಂಯ್‌ಗಾಟದ ನಡುವೆ ಮಲಗಬೇಕಾದ ಮಗನಿಗೆ ಒಳ್ಳೆಯ ಸದ್ದಡಗಿಸುವ ಇಯರ್‌ಬಡ್ ದಿನನಿತ್ಯ ಉಪಯೋಗಕ್ಕೆ ಬರುವ ವಸ್ತು. ಎಸಿಯ ಸದ್ದು ಕೂಡ ವಿಮಾನದ ಮೊರೆತದಂತೆ ಎಡೆಬಿಡದ ತಗ್ಗಿನ ಸದ್ದೇ. ಮನೆಯವರು ಮಗನಿಂದ ತರಿಸಿಕೊಳ್ಳುವ ಬದಲು ಅವನೇ ತನಗಾಗಿ ಕೊಳ್ಳಲಿ ಎಂದು ಹೇಳುವುದಕ್ಕೆ ಇಲ್ಲಿ ಕಾರಣವಿದೆ. ಎಂಟು ಹತ್ತು ಸಾವಿರ ರೂಪಾಯಿಯ ಮಧ್ಯಮ ದರ್ಜೆಯವು ತಗ್ಗಿನ ಮೊರೆತವನ್ನು ಸಾಕಷ್ಟು ಇಳಿಸುತ್ತವೆ. ಅದಕ್ಕಿಂತ ಮೇಲೆ ಕೊಡುವ ಹಣದಲ್ಲಿ ಹೆಚ್ಚಿನ ಪಾಲು ಇನ್ನಷ್ಟು ಇಂಪಾದ ದನಿಗೆ, ಹಗುರತನಕ್ಕೆ, ಹೆಸರಿಗೆ ಸಲ್ಲುತ್ತದೆ.

ಕೊಂಡದ್ದು ಸಾರ್ಥಕವಾಯಿತೇ ಎಂಬುದನ್ನು ಅಳೆಯಲು ಪ್ರತಿ ಮನೆಯಲ್ಲೂ ಸಾಧ್ಯವಾದ ಒಂದು ಅಳತೆಗೋಲಿದೆ. ಹೊರಡುವ ಹಿಂದಿನ ರಾತ್ರಿ, ಮನೆಯೆಲ್ಲ ನಿಶ್ಶಬ್ದವಾಗಿರುವಾಗ, ಹೆಡ್‌ಫೋನ್ ಧರಿಸಿ ಮಾತು ಹಿತವಾಗಿ ಕೇಳುವಷ್ಟಕ್ಕೆ ಧ್ವನಿಯನ್ನು ನಿಲ್ಲಿಸಿ ಫೋನಿನಲ್ಲಿ ಆ ಗೆರೆ ಎಲ್ಲಿದೆಯೆಂದು ಮಕ್ಕಳಿಂದಲೇ ಗುರುತು ಮಾಡಿಸಬೇಕು. ವಿಮಾನದಲ್ಲಿಯೂ ಅದೇ ಗೆರೆಯಲ್ಲಿ, ಬೇಕಾದರೆ ಒಂದೆರಡು ಹೆಜ್ಜೆ ಮೇಲೆ, ಮಾತು ತಿಳಿಯುವಂತಿದ್ದರೆ ಆ ಹೆಡ್‌ಫೋನ್ ತನ್ನ ಕೆಲಸ ಮಾಡುತ್ತಿದೆಯೆಂದು ಅರ್ಥ. ಬಹಳ ಮೇಲಕ್ಕೆ ಏರಿಸಲೇಬೇಕಾಗಿ ಬಂದರೆ ಮೆತ್ತೆ ಸರಿಯಾಗಿ ಕೂತಿಲ್ಲ, ಇಲ್ಲವೇ ಉಪಕರಣವೇ ಸರಿಯಿಲ್ಲ. ಆಗ ಸಿನಿಮಾವನ್ನು ನಿಲ್ಲಿಸಿ ಪುಸ್ತಕ ತೆರೆಯುವುದೇ ಮಗುವಿನ ಕಿವಿಗೆ ಕ್ಷೇಮ.